ಒಂದೇ ಪ್ರೋಗ್ರಾಮ್, ನಾಲ್ಕು ಬಾಗಿಲು: ಲಿನಕ್ಸ್‌ನಲ್ಲಿ ಯಾವುದನ್ನು ಎಲ್ಲಿಂದ ಹಾಕಬೇಕು?

ವಿಂಡೋಸ್ ಬದಲು ಲಿನಕ್ಸ್ ಓಡಿಸುವ ಮೂರು ಕಂಪ್ಯೂಟರ್‌ಗಳ ಸಂಸಾರ ಈಗ ನನ್ನ ತಲೆಯ ಮೇಲಿದೆ. ಒಂದು ನನ್ನದೇ ಲ್ಯಾಪ್‌ಟಾಪ್. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡದ್ದು, 8 ಜಿಬಿ ರ‍್ಯಾಮ್, 128 ಜಿಬಿ ಎಸ್‌ಎಸ್‌ಡಿ. ಎರಡನೆಯದು ಘಾಟ್ಕೋಪರಿನಲ್ಲಿ ಮಾವನ ಹೋಟೆಲಿನ ಗಲ್ಲಾದ ಪಕ್ಕ ಇರುವುದು. ಮೂರನೆಯದು ಡೊಂಬಿವಲಿಯಲ್ಲಿ ನಾವು ಹೋಗುವ ಕನ್ನಡ ಸಂಘದ ಓದುವ ಕೋಣೆಯದು. ಹೋಟೆಲಿನದ್ದೂ ಸಂಘದ್ದೂ ಮೊದಲು ವಿಂಡೋಸ್ 10 ಯಂತ್ರಗಳು. 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಸಪೋರ್ಟ್ ನಿಂತಿತು. ವಿಂಡೋಸ್ 11 ಹಾಕೋಣ ಅಂದರೆ ಪ್ರೊಸೆಸರ್ ಹಳೆಯದು, ಆಗುವುದಿಲ್ಲ ಅಂತ ಬಂತು. ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಭಂಗಾರಕ್ಕೆ ಹಾಕಲು ಮನಸ್ಸು ಬರಲಿಲ್ಲ. ದೀಪಾವಳಿ ಹೊತ್ತಿಗೆ ಹೋಟೆಲಿನದಕ್ಕೆ ಲಿನಕ್ಸ್ ಮಿಂಟ್ 22 ಹಾಕಿದೆ. ಸಂಘದ ಯಂತ್ರಕ್ಕೆ ಅಷ್ಟರಲ್ಲಿ ಸದಸ್ಯರೊಬ್ಬರ ಮಗ ಉಬುಂಟು 24.04 ಹಾಕಿ, ಕೆಲಸ ಸಿಕ್ಕಿತು ಅಂತ ಪುಣೆಗೆ ಹೋಗಿಬಿಟ್ಟಿದ್ದ.

ಲಿನಕ್ಸ್ ಹಾಕುವುದು ಈಗ ಕಷ್ಟವೇ ಅಲ್ಲ. ಅರ್ಧ ಗಂಟೆಯ ಕೆಲಸ. ತಲೆ ಕೆಡುವುದು ಆಮೇಲೆ. ಸಂಘದ ಆಮಂತ್ರಣ ಪತ್ರಿಕೆ ಮಾಡಲು ಜಿಂಪ್ ಎಂಬ ಚಿತ್ರ ತಿದ್ದುವ ಪ್ರೋಗ್ರಾಮ್ ಬೇಕು ಅಂದುಕೊಳ್ಳಿ. ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಹುಡುಕಿದರೆ ಜಿಂಪ್ ಎರಡು ಸಲ ಇದೆ. ‘ಸಿಸ್ಟಮ್ ಪ್ಯಾಕೇಜ್’ ಒಂದು, ‘ಫ್ಲ್ಯಾಟ್‌ಪ್ಯಾಕ್’ ಒಂದು. ಜಿಂಪ್‌ನವರ ಸೈಟಿಗೆ ಹೋದರೆ ಆ್ಯಪ್‌ಇಮೇಜ್ ಅಂತ ಮೂರನೆಯದು. ಉಬುಂಟುವಿನಲ್ಲಿ ಕೂತರೆ ಸ್ನ್ಯಾಪ್ ಅಂತ ನಾಲ್ಕನೆಯದು. ಪ್ರೋಗ್ರಾಮ್ ಒಂದೇ, ಬಾಗಿಲು ನಾಲ್ಕು.

ಇವುಗಳಲ್ಲಿ ಯಾವುದು ಫಾಸ್ಟು, ಯಾವುದು ಸ್ಲೋ ಅಂತ ಜಗಳ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಮೂರು ಯಂತ್ರ ನೋಡಿಕೊಂಡ ಮೇಲೆ ನನಗೆ ಆ ಜಗಳ ಬೇಡವಾಗಿದೆ. ನಾನೀಗ ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇವತ್ತು ಹಾಕಿ ಹೋದ ಮೇಲೆ ನಾಳೆ ಇದನ್ನು ನೋಡಿಕೊಳ್ಳುವವರು ಯಾರು? ಡಿಸ್ಟ್ರೋದವರೋ (ಮಿಂಟ್, ಉಬುಂಟು ತರಹ ಲಿನಕ್ಸನ್ನು ಕಟ್ಟಿ ಕೊಡುವವರು), ಪ್ರೋಗ್ರಾಮ್ ಬರೆದವರೋ, ಮಧ್ಯದಲ್ಲಿ ಇನ್ಯಾರೋ, ಇಲ್ಲಾ ನಾನೋ? ಕೊನೆಯ ಉತ್ತರ ಬಂದರೆ ಘಾಟ್ಕೋಪರಿಗೆ ಲೋಕಲ್ ಹಿಡಿಯಲು ತಯಾರಾಗಿರಬೇಕು.

ಒಂದು ಮಾತು. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಕೊಡುವ ಕಿಟಕಿಯಲ್ಲಿ, ಇಂಗ್ಲಿಷ್ ಸಣ್ಣ ಅಕ್ಷರದಲ್ಲೇ ಟೈಪ್ ಮಾಡಬೇಕು.

ಆಪ್ಟ್: ಮನೆಯ ಕಿರಾಣಿ ಅಂಗಡಿ

ಡೆಬಿಯನ್ ಎಂಬ ಡಿಸ್ಟ್ರೋ ಶುರುವಾದದ್ದು 1993ರಲ್ಲಿ. ಅದರ ಮೇಲೆ ಉಬುಂಟು 2004ರಲ್ಲಿ ಬಂತು, ಉಬುಂಟು ಮೇಲೆ ಮಿಂಟ್. ಮೂರಕ್ಕೂ ಆಪ್ಟ್ ಒಂದೇ. ಇದು 1999ರಿಂದಲೂ ಡೆಬಿಯನ್ ಜೊತೆಗಿದೆ. ಡಿಸ್ಟ್ರೋದವರ ಸರ್ವರ್‌ನಲ್ಲಿ ಸಾವಿರಾರು ಪ್ಯಾಕೇಜ್‌ಗಳ ಸಂಗ್ರಹ ಇರುತ್ತದೆ, ಅದಕ್ಕೆ ರೆಪೊ ಅನ್ನುತ್ತಾರೆ. ‘ಸುಡೊ ಆಪ್ಟ್ ಇನ್‌ಸ್ಟಾಲ್ ಜಿಂಪ್’ ಅಂದರೆ ಅಲ್ಲಿಂದ ಜಿಂಪ್ ಬರುತ್ತದೆ, ಅದಕ್ಕೆ ಬೇಕಾದ ಲೈಬ್ರರಿಗಳೂ (ಹಲವು ಪ್ರೋಗ್ರಾಮ್‌ಗಳು ಹಂಚಿಕೊಂಡು ಬಳಸುವ ಕೋಡ್ ತುಂಡುಗಳು) ಜೊತೆಗೆ ಬರುತ್ತವೆ. ಸಿಸ್ಟಮ್‌ನಲ್ಲಿ ಆಗಲೇ ಇರುವ ಲೈಬ್ರರಿಯನ್ನು ಮತ್ತೆ ತರುವುದಿಲ್ಲ. ಅದಕ್ಕೇ ಡೌನ್‌ಲೋಡ್ ಕಡಿಮೆ, ಜಾಗವೂ ಕಡಿಮೆ. ಪ್ಯಾಕೇಜ್‌ಗಳ ಪಟ್ಟಿಗೆ ಸಹಿ ಇರುತ್ತದೆ, ಆಪ್ಟ್ ಅದನ್ನು ನೋಡಿಯೇ ಒಳಗೆ ಬಿಡುತ್ತದೆ. ಒಂದು ಲೈಬ್ರರಿಯಲ್ಲಿ ತೂತು ಸಿಕ್ಕಿ ಅದನ್ನು ಮುಚ್ಚಿದರೆ, ಅದನ್ನು ಬಳಸುವ ಎಲ್ಲ ಪ್ರೋಗ್ರಾಮ್‌ಗಳಿಗೂ ಒಂದೇ ಏಟಿಗೆ ಸರಿಯಾಗುತ್ತದೆ.

ಇದರ ದೊಡ್ಡ ದೂರು ಎಲ್ಲರಿಗೂ ಗೊತ್ತು. ಹಳೆಯದು. ಜಿಂಪ್ 2.10 ಬಂದದ್ದು 2018ರಲ್ಲಿ, 3.0 ಬಂದದ್ದು 2025ರ ಮಾರ್ಚ್‌ನಲ್ಲಿ. ಮಿಂಟ್ 22 ನಿಂತಿರುವುದು 2024ರ ಏಪ್ರಿಲ್‌ನ ಉಬುಂಟು 24.04ರ ಮೇಲೆ. ಹಾಗಾಗಿ ಆಪ್ಟ್ ಕೊಡುವುದು 2.10. ಮಿಂಟ್ 22ಕ್ಕೆ ಸಪೋರ್ಟ್ 2029ರವರೆಗೆ ಇದೆ, ಅಲ್ಲಿಯವರೆಗೂ ಆಪ್ಟ್‌ನಲ್ಲಿ ಅದೇ 2.10 ಸರಣಿ. ಸೆಕ್ಯುರಿಟಿ ರಿಪೇರಿ ಬರಬಹುದು, ಹೊಸ ಸೌಲಭ್ಯ ಬರುವುದಿಲ್ಲ.

ಹಳೆಯದು ಅಂದಾಕ್ಷಣ ಮೂಗು ಮುರಿಯಬೇಡಿ. 2024ರ ಮಾರ್ಚ್ 29ರಂದು ಎಕ್ಸ್‌ಝಡ್ ಎಂಬ ಲೈಬ್ರರಿಯ ಹೊಸ ಆವೃತ್ತಿಯಲ್ಲಿ ಯಾರೋ ಬೇಕಂತಲೇ ಹಿಂಬಾಗಿಲು ಇಟ್ಟಿರುವುದು ಬಯಲಾಯಿತು. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್, ಲಾಗಿನ್ ಅರ್ಧ ಸೆಕೆಂಡ್ ಜಾಸ್ತಿ ತಗೊಳ್ತಿದೆ ಯಾಕೆ ಅಂತ ಕೆದಕಿ ಅದನ್ನು ಹಿಡಿದರು. ಡೆಬಿಯನ್‌ನ ಪರೀಕ್ಷೆಯ ಆವೃತ್ತಿಗಳಿಗೆ ಅದು ಆಗಲೇ ನುಸುಳಿತ್ತು. ಸ್ಟೇಬಲ್, ಅಂದರೆ ಪರೀಕ್ಷೆ ಮುಗಿದ ಆವೃತ್ತಿ, ಬಳಸುತ್ತಿದ್ದವರಿಗೆ ಏನೂ ಆಗಲಿಲ್ಲ, ಅವರ ಹತ್ತಿರ ಇದ್ದದ್ದು ಹಳೆಯದೇ. ಹೋಟೆಲಿನ ಗಲ್ಲಾಕ್ಕೆ ನನಗೆ ಅಂಥ ಹಳೆಯದೇ ಸಾಕು.

ಇನ್ನೊಂದು ಸಣ್ಣ ವಿಷಯ ಹೇಳಿಬಿಡುತ್ತೇನೆ, ಇದನ್ನು ಜಾಸ್ತಿ ಜನ ಹೇಳುವುದಿಲ್ಲ. ಉಬುಂಟುವಿನ ರೆಪೊದಲ್ಲಿ ‘ಮೇನ್’, ‘ಯೂನಿವರ್ಸ್’ ಅಂತ ಭಾಗಗಳಿವೆ. ಮೇನ್‌ನಲ್ಲಿರುವುದನ್ನು ಉಬುಂಟು ಹಿಂದಿರುವ ಕ್ಯಾನೊನಿಕಲ್ ಕಂಪನಿಯೇ ನೋಡಿಕೊಳ್ಳುತ್ತದೆ. ಯೂನಿವರ್ಸ್‌ನಲ್ಲಿರುವುದು ಸ್ವಯಂಸೇವಕರದ್ದು, ಜಿಂಪ್ ಇರುವುದೂ ಅಲ್ಲೇ. ಅದಕ್ಕೂ ಕಂಪನಿಯ ರಿಪೇರಿ ಬೇಕಿದ್ದರೆ ಉಬುಂಟು ಪ್ರೋ ಅಂತ ಇದೆ, ಸ್ವಂತ ಬಳಕೆಗೆ 5 ಯಂತ್ರಗಳವರೆಗೆ ಪುಕ್ಕಟೆ. ಅಂದರೆ ‘ಆಪ್ಟ್‌ನಿಂದ ಬಂದದ್ದಕ್ಕೆಲ್ಲ ಒಂದೇ ಕಾವಲು’ ಅಂತೇನಿಲ್ಲ.

ಆಪ್ಟ್ ಬಳಸುವಾಗ ಎರಡು ಕಡೆ ಕಣ್ಣು ಬಿಟ್ಟು ನೋಡಬೇಕು. ಮೊದಲನೆಯದು ಲಾಕ್. ಯಂತ್ರ ಆನ್ ಮಾಡಿದ ಕೂಡಲೇ ಏನಾದರೂ ಇನ್‌ಸ್ಟಾಲ್ ಮಾಡಹೋದರೆ ‘ಲಾಕ್ ಸಿಗಲಿಲ್ಲ’ ಎಂಬ ಅರ್ಥದ ಸಾಲು ಬರುತ್ತದೆ. ಹಿಂದೆ ಸೆಕ್ಯುರಿಟಿ ಅಪ್‌ಡೇಟ್ ತನ್ನಷ್ಟಕ್ಕೆ ಓಡುತ್ತಿರುತ್ತದೆ, ಅಷ್ಟೇ. ಚಹಾ ಕುಡಿದು ಬನ್ನಿ. ‘ಲಾಕ್ ಫೈಲ್ ಡಿಲೀಟ್ ಮಾಡಿ’ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅರ್ಧಂಬರ್ಧ ಆದ ಪ್ಯಾಕೇಜ್ ರಿಪೇರಿ ಮಾಡಲು ಆಮೇಲೆ ಒಂದು ಸಂಜೆ ಹೋಗುತ್ತದೆ.

ಎರಡನೆಯದನ್ನು ನಾನು ದುಡ್ಡು ಕೊಡದೇ ಕಲಿತೆ, ನಿದ್ದೆ ಕೊಟ್ಟು ಕಲಿತೆ. ಆಪ್ಟ್ ಏನು ಮಾಡುವ ಮೊದಲೂ ಒಂದು ಲೆಕ್ಕ ಒಪ್ಪಿಸುತ್ತದೆ. ಇಷ್ಟು ಹೊಸದಾಗಿ ಬರುತ್ತವೆ, ಇಷ್ಟು ಅಪ್‌ಗ್ರೇಡ್ ಆಗುತ್ತವೆ, ಇಷ್ಟು ತೆಗೆದುಹಾಕಲ್ಪಡುತ್ತವೆ. ಆಮೇಲೆ ‘ವೈ’ ಅಥವಾ ‘ಎನ್’ ಕೇಳುತ್ತದೆ. ಒಂದು ರಾತ್ರಿ ಹನ್ನೊಂದಕ್ಕೆ ಯಾರದೋ ಪಿಪಿಎ, ಅಂದರೆ ಖಾಸಗಿ ರೆಪೊ, ಸೇರಿಸಿ, ಒಂದು ವಿಡಿಯೊ ಎಡಿಟರ್‌ನ ಹೊಸ ಆವೃತ್ತಿ ಹಾಕಲು ಹೋದೆ. ಪಟ್ಟಿ ಉದ್ದ ಇತ್ತು. ಓದದೇ ‘ವೈ’ ಒತ್ತಿದೆ. ಬೆಳಿಗ್ಗೆ ಯಂತ್ರ ಆನ್ ಮಾಡಿದರೆ ಕಪ್ಪು ಪರದೆ, ಬಿಳಿ ಅಕ್ಷರದಲ್ಲಿ ಲಾಗಿನ್ ಅಂತ ಒಂದೇ ಸಾಲು. ತೆಗೆದುಹಾಕುವ ಪಟ್ಟಿಯಲ್ಲಿ ‘ಸಿನಮನ್’ ಇತ್ತು, ಅಂದರೆ ನನ್ನ ಡೆಸ್ಕ್‌ಟಾಪೇ. ಮಿಂಟ್ ಜೊತೆ ಟೈಮ್‌ಶಿಫ್ಟ್ ಬರುತ್ತದೆ, ಅದರಲ್ಲಿ ಹಿಂದಿನ ವಾರದ ಸ್ನ್ಯಾಪ್‌ಶಾಟ್, ಅಂದರೆ ಸಿಸ್ಟಮ್‌ನ ನಕಲು, ಇತ್ತು, ಬಚಾವಾದೆ. ಟೈಮ್‌ಶಿಫ್ಟ್ ಸೆಟ್ ಮಾಡದಿದ್ದರೆ ಇವತ್ತೇ ಮಾಡಿ. ‘ರಿಮೂವ್ಡ್’ ಅನ್ನುವ ಪದ ಕಂಡರೆ ಕೈ ಕೀಬೋರ್ಡಿನಿಂದ ತೆಗೆದು, ಪಟ್ಟಿ ಪೂರ್ತಿ ಓದಿ.

ಫ್ಲ್ಯಾಟ್‌ಪ್ಯಾಕ್: ಡಬ್ಬದಲ್ಲಿ ಬರುವ ಊಟ

ಮುಂಬಯಿಯವರಿಗೆ ಡಬ್ಬ ಅಂದರೆ ವಿವರಿಸಬೇಕಿಲ್ಲ. ಆಫೀಸಿನ ಅಡಿಗೆಮನೆಯಲ್ಲಿ ಏನಿದೆ, ಏನಿಲ್ಲ ಅನ್ನುವ ಚಿಂತೆ ಬೇಡ. ಬೇಕಾದ್ದೆಲ್ಲ ಡಬ್ಬದಲ್ಲೇ ಇದೆ. ಫ್ಲ್ಯಾಟ್‌ಪ್ಯಾಕ್ ಹಾಗೆ. ಪ್ರೋಗ್ರಾಮ್‌ಗೆ ಬೇಕಾದ ಲೈಬ್ರರಿಗಳು ಸಿಸ್ಟಮ್‌ನಿಂದ ಬರುವುದಿಲ್ಲ, ‘ರನ್‌ಟೈಮ್’ ಅಂತ ಬೇರೆ ಕಟ್ಟು ಇರುತ್ತದೆ. ಹಾಗಾಗಿ ಮಿಂಟ್ ಇರಲಿ, ಫೆಡೋರಾ ಇರಲಿ, ಒಂದೇ ಫ್ಲ್ಯಾಟ್‌ಪ್ಯಾಕ್ ಎಲ್ಲ ಕಡೆ ಓಡುತ್ತದೆ. ಅಲೆಕ್ಸಾಂಡರ್ ಲಾರ್ಸನ್ ಶುರು ಮಾಡಿದ ಕೆಲಸ ಇದು. 2016ರಲ್ಲಿ ಈಗಿನ ಹೆಸರು ಬಂತು. ಫ್ಲ್ಯಾಟ್‌ಹಬ್ ಎಂಬುದು ಇದರ ದೊಡ್ಡ ಅಂಗಡಿ. ಮಿಂಟ್‌ನಲ್ಲಿ ಅದು ಮೊದಲೇ ಜೋಡಿಸಿ ಬರುತ್ತದೆ. ಉಬುಂಟುವಿನಲ್ಲಿ ನಾವೇ ಹಾಕಿಕೊಳ್ಳಬೇಕು.

ಮೊದಲ ಸಲ ಹಾಕುವವರು ಬೆಚ್ಚಿಬೀಳುವುದು ಡೌನ್‌ಲೋಡ್ ನೋಡಿ. ಪುಟ್ಟ ಪ್ರೋಗ್ರಾಮ್ ಕೇಳಿದರೆ ನೂರಾರು ಎಂಬಿ ಬರುತ್ತದೆ. ಪ್ರೋಗ್ರಾಮ್ ಪುಟ್ಟದೇ, ಜೊತೆಗೆ ಬರುವ ರನ್‌ಟೈಮ್ ದೊಡ್ಡದು. ನಾನು ಇದನ್ನು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ, ಲೋಕಲ್‌ನಲ್ಲಿ ಕೂತು ಮಾಡಿದೆ. ದಿನಕ್ಕೆ 1.5 ಜಿಬಿಯ ಪ್ಯಾಕು. ಮುಲುಂಡ್ ಬರುವುದರೊಳಗೆ ‘ಅರ್ಧ ಡೇಟಾ ಮುಗಿದಿದೆ’ ಅಂತ ಮೆಸೇಜ್ ಬಂತು. ಆದರೆ ಎರಡನೆಯ ಪ್ರೋಗ್ರಾಮ್ ಅದೇ ರನ್‌ಟೈಮ್ ಬಳಸಿದರೆ ಮತ್ತೆ ಅದು ಬರುವುದಿಲ್ಲ. ಹೀಗಾಗಿ ಒಂದೇ ಒಂದು ಫ್ಲ್ಯಾಟ್‌ಪ್ಯಾಕ್ ಇಟ್ಟುಕೊಳ್ಳುವುದು ದುಬಾರಿ, ಆರೇಳು ಇದ್ದರೆ ಪರವಾಗಿಲ್ಲ. ಹಳೆಯ ರನ್‌ಟೈಮ್‌ಗಳು ಮೂಲೆಯಲ್ಲಿ ಕೂತಿರುತ್ತವೆ. ಆಗಾಗ ‘ಫ್ಲ್ಯಾಟ್‌ಪ್ಯಾಕ್ ಅನ್‌ಇನ್‌ಸ್ಟಾಲ್’ ಎಂದು ಬರೆದು, ಎರಡು ಅಡ್ಡಗೆರೆ ಹಾಕಿ ‘ಅನ್‌ಯೂಸ್ಡ್’ ಸೇರಿಸಿದರೆ ಬೇಡದವು ಹೋಗುತ್ತವೆ. 128 ಜಿಬಿ ಡಿಸ್ಕ್ ಇರುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಇನ್ನು ನೋಡಿಕೊಳ್ಳುವವರು ಯಾರು? ಅದು ಪ್ರೋಗ್ರಾಮಿನ ಮೇಲೆ ಹೋಗುತ್ತದೆ. ಕೆಲವನ್ನು ಬರೆದವರೇ ಫ್ಲ್ಯಾಟ್‌ಹಬ್‌ಗೆ ಹಾಕುತ್ತಾರೆ. ಅವಕ್ಕೆ ‘ವೆರಿಫೈಡ್’ ಗುರುತು ಇರುತ್ತದೆ. ಕೆಲವನ್ನು ಯಾರೋ ಸ್ವಯಂಸೇವಕರು ಕಟ್ಟಿ ಹಾಕಿರುತ್ತಾರೆ. ಅವರು ಒಳ್ಳೆಯವರೇ ಇರಬಹುದು, ಆದರೆ ನಾಳೆ ಕೈಬಿಟ್ಟರೆ ಕೇಳುವವರಿಲ್ಲ. ಮಿಂಟ್ 22 ಆ ಗುರುತಿಲ್ಲದವನ್ನು ಮೊದಲಿಗೆ ತೋರಿಸುವುದೇ ಇಲ್ಲ, ಸೆಟ್ಟಿಂಗ್‌ನಲ್ಲಿ ಹೋಗಿ ಆನ್ ಮಾಡಬೇಕು. ಒಳ್ಳೆಯ ಕೆಲಸ ಅಂತ ನನ್ನ ಅಭಿಪ್ರಾಯ. ಅಪ್‌ಡೇಟ್ ಮಾಡುವಾಗ ಯಾವುದೋ ರನ್‌ಟೈಮ್ ‘ಎಂಡ್ ಆಫ್ ಲೈಫ್’ ಅಂತ ಕಂಡರೆ, ಅದನ್ನು ಬಳಸುವ ಪ್ರೋಗ್ರಾಮ್‌ನವರು ಇನ್ನೂ ಹೊಸದಕ್ಕೆ ಬಂದಿಲ್ಲ ಅಂತ ಅರ್ಥ. ಒಂದೆರಡು ತಿಂಗಳು ಕಾಯಿರಿ. ವರ್ಷ ಕಳೆದರೂ ಹಾಗೇ ಇದ್ದರೆ ಬೇರೆ ದಾರಿ ನೋಡಿ.

ಡಬ್ಬಕ್ಕೆ ಮುಚ್ಚಳವೂ ಇರುತ್ತದೆ ಅಲ್ವಾ. ಫ್ಲ್ಯಾಟ್‌ಪ್ಯಾಕ್ ಪ್ರೋಗ್ರಾಮ್ ಸ್ಯಾಂಡ್‌ಬಾಕ್ಸ್ ಎಂಬ ಬೇಲಿಯ ಒಳಗೆ ಓಡುತ್ತದೆ. ಅದಕ್ಕೆ ಯಾವ ಫೋಲ್ಡರ್ ಕಾಣಬೇಕು, ಕ್ಯಾಮೆರಾ ಬೇಕಾ ಅಂತ ಅನುಮತಿ ಇರುತ್ತದೆ. ಇದನ್ನು ನೋಡಲು, ಬದಲಾಯಿಸಲು ಫ್ಲ್ಯಾಟ್‌ಸೀಲ್ ಎಂಬ ಪುಟ್ಟ ಪ್ರೋಗ್ರಾಮ್ ಇದೆ. ‘ಫೈಲ್ ಕಾಣ್ತಿಲ್ಲ’ ಅನ್ನುವ ಹತ್ತು ದೂರುಗಳಲ್ಲಿ ಎಂಟಕ್ಕೆ ಅಲ್ಲೇ ಔಷಧಿ ಸಿಕ್ಕಿದೆ ನನಗೆ. ಆದರೆ ಸ್ಯಾಂಡ್‌ಬಾಕ್ಸ್ ಅಂದಮಾತ್ರಕ್ಕೆ ಪೂರ್ತಿ ಸುರಕ್ಷಿತ ಅಂತ ತಿಳಿಯಬೇಡಿ. ಎಷ್ಟೋ ಪ್ರೋಗ್ರಾಮ್‌ಗಳು ಇಡೀ ಹೋಮ್ ಫೋಲ್ಡರ್, ಅಂದರೆ ನಿಮ್ಮ ಫೈಲ್‌ಗಳೆಲ್ಲ ಇರುವ ಜಾಗ, ಕೇಳಿಕೊಂಡೇ ಬರುತ್ತವೆ. ಅಂಥ ಮುಚ್ಚಳ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಸ್ನ್ಯಾಪ್: ಹೇಳದೇ ಬರುವ ಅತಿಥಿ

ಸ್ನ್ಯಾಪ್ ಕ್ಯಾನೊನಿಕಲ್‌ನವರದು. ಉಬುಂಟು ಡೆಸ್ಕ್‌ಟಾಪಿಗೆ ಇದು 2016ರ 16.04ರ ಜೊತೆ ಬಂತು. ಲೆಕ್ಕ ಫ್ಲ್ಯಾಟ್‌ಪ್ಯಾಕ್ ತರಹವೇ, ಬೇಕಾದ್ದನ್ನು ಹೊತ್ತುಕೊಂಡೇ ಬರುವುದು. ಎರಡು ವ್ಯತ್ಯಾಸ ಮುಖ್ಯ. ಒಂದು, ಅಂಗಡಿ ಒಂದೇ. ಸ್ನ್ಯಾಪ್ ಸ್ಟೋರ್ ನಡೆಸುವುದು ಕ್ಯಾನೊನಿಕಲ್, ಅದರ ಸರ್ವರ್ ಕಡೆಯ ಕೋಡ್ ಮುಕ್ತವಲ್ಲ. ಮಿಂಟ್‌ನವರಿಗೆ ಇದು ಸರಿಬರಲಿಲ್ಲ. 2020ರ ಮಿಂಟ್ 20ರಿಂದ ಸ್ನ್ಯಾಪ್ ತಾನಾಗಿ ಒಳಗೆ ಬರದಂತೆ ತಡೆ ಹಾಕಿದ್ದಾರೆ. ಬೇಕಿದ್ದವರು ಆ ತಡೆಯ ಫೈಲನ್ನು ತೆಗೆದು ಹಾಕಿಕೊಳ್ಳಬಹುದು. ಎರಡು, ಅಪ್‌ಡೇಟ್ ತಾನಾಗಿಯೇ. ದಿನಕ್ಕೆ ನಾಲ್ಕು ಸಲ ಹೊಸದಿದೆಯಾ ಅಂತ ನೋಡುತ್ತದೆ, ಇದ್ದರೆ ಹಾಕಿಕೊಳ್ಳುತ್ತದೆ.

ಈ ಎರಡನೆಯದು ಒಳ್ಳೆಯದೋ ಕೆಟ್ಟದ್ದೋ? ಯಾರ ಯಂತ್ರ ಅನ್ನುವುದನ್ನು ನೋಡಿ ಹೇಳಬೇಕು. ಸಂಘದ ಯಂತ್ರದಲ್ಲಿ ಬ್ರೌಸರ್ ಸ್ನ್ಯಾಪ್ ಆಗಿಯೇ ಇದೆ, ಉಬುಂಟು 22.04ರಿಂದ ಫೈರ್‌ಫಾಕ್ಸ್ ಹಾಗೇ ಬರುತ್ತದೆ. ಅಲ್ಲಿ ಬರುವವರು ಪೇಪರ್ ಓದುವ ಹಿರಿಯರು. ಅಪ್‌ಡೇಟ್ ಬಟನ್ ಯಾರೂ ಒತ್ತುವುದಿಲ್ಲ. ಬ್ರೌಸರ್ ಒಂದು ಹಳೆಯದಾದರೆ ಅಪಾಯ. ಹಾಗಾಗಿ ಅದು ತಾನೇ ಅಪ್‌ಡೇಟ್ ಆಗುವುದು ನನಗೆ ನೆಮ್ಮದಿ. ಒಂದೇ ಒಂದು ತಮಾಷೆ ಆಯಿತು. ಪ್ರೋಗ್ರಾಮ್ ತೆರೆದೇ ಇದ್ದರೆ ಸ್ನ್ಯಾಪ್ ಮೂಲೆಯಲ್ಲಿ ಒಂದು ನೋಟಿಸ್ ತೋರಿಸುತ್ತದೆ: ಅಪ್‌ಡೇಟ್ ಬಾಕಿ ಇದೆ, ಮುಚ್ಚಿ ತೆರೆಯಿರಿ, 13 ದಿನ ಉಳಿದಿದೆ. ಒಬ್ಬರು ಹಿರಿಯರು ನನಗೆ ಫೋನ್ ಮಾಡಿದರು. ‘ಏನಪ್ಪಾ, 13 ದಿನ ಬಾಕಿ ಅಂತ ಬರ್ತಿದೆ. ದುಡ್ಡು ಕಟ್ಟಬೇಕಾ? ಸಂಘದ ಖಾತೆಯಿಂದ ಕೊಡಬಹುದಾ, ಖಜಾಂಚಿಗಳನ್ನ ಕೇಳ್ಲಾ?’

ಗಲ್ಲಾದ ಯಂತ್ರದಲ್ಲಿ ಇದು ಬೇಡ. ಮಧ್ಯಾಹ್ನ ಒಂದು ಗಂಟೆಗೆ ಥಾಲಿಯ ರಷ್ ಇರುವಾಗ ಯಾವುದೂ ತಾನಾಗಿ ಬದಲಾಗಬಾರದು. ಸ್ನ್ಯಾಪ್‌ನಲ್ಲೂ ಈಗ ‘ಹೋಲ್ಡ್’ ಅಂತ ಆಯ್ಕೆ ಇದೆ, ಒಂದು ಪ್ರೋಗ್ರಾಮ್‌ನ ಅಪ್‌ಡೇಟ್ ತಡೆಹಿಡಿಯಬಹುದು. ಆದರೆ ತಡೆಹಿಡಿದದ್ದನ್ನು ಬಿಡಲು ನೆನಪಿರಬೇಕಲ್ಲ!

ಪೆನ್‌ಡ್ರೈವ್ ಕತೆ ಹೇಳಲೇಬೇಕು. ಕಾರ್ಯದರ್ಶಿಗಳು ಆಮಂತ್ರಣದ ಫೋಟೊಗಳನ್ನು ಪೆನ್‌ಡ್ರೈವ್‌ನಲ್ಲಿ ತಂದಿದ್ದರು. ಡಬಲ್ ಕ್ಲಿಕ್ ಮಾಡಿದರೆ ಪ್ರೋಗ್ರಾಮ್ ತೆರೆಯುತ್ತದೆ, ಫೋಟೊ ತೆರೆಯುವುದಿಲ್ಲ. ಅನುಮತಿ ಇಲ್ಲ ಅನ್ನುತ್ತದೆ. ಪೆನ್‌ಡ್ರೈವ್ ಹಾಳಾಗಿದೆ ಅಂತ ಇನ್ನೊಂದು ತರಿಸಿದರು. ಅದೂ ಹಾಗೇ. ಕೊನೆಗೆ ಫೈಲನ್ನು ಡೆಸ್ಕ್‌ಟಾಪಿಗೆ ಕಾಪಿ ಮಾಡಿದರೆ ಸರಾಗ ತೆರೆಯಿತು. ಸ್ನ್ಯಾಪ್ ಪ್ರೋಗ್ರಾಮ್‌ಗಳಿಗೆ ಹೋಮ್ ಫೋಲ್ಡರ್ ಸಾಮಾನ್ಯವಾಗಿ ಕಾಣುತ್ತದೆ, ಪೆನ್‌ಡ್ರೈವ್ ನೋಡಲು ‘ರಿಮೂವಬಲ್ ಮೀಡಿಯಾ’ ಎಂಬ ಬೇರೆ ಅನುಮತಿ ಬೇಕು. ಹೆಚ್ಚಿನವಕ್ಕೆ ಅದು ತಾನಾಗಿ ಸಿಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆ ಪ್ರೋಗ್ರಾಮ್ ಆರಿಸಿ ಸ್ವಿಚ್ ಆನ್ ಮಾಡಿದರೆ ಮುಗಿಯಿತು. ತಪ್ಪು ನನ್ನದೇ, ಮೊದಲೇ ನೋಡಿರಲಿಲ್ಲ. ಎರಡು ಪೆನ್‌ಡ್ರೈವ್ ಮಾತ್ರ ಸುಮ್ನೆ ಬೈಸಿಕೊಂಡವು.

ಜಾಗದ ವಿಷಯದಲ್ಲೂ ಗಮನ ಇರಲಿ. ಪ್ರತಿ ಅಪ್‌ಡೇಟ್ ಆದ ಮೇಲೂ ಸ್ನ್ಯಾಪ್ ಹಿಂದಿನ ಆವೃತ್ತಿಯನ್ನು ಇಟ್ಟುಕೊಂಡಿರುತ್ತದೆ. ಹೊಸದು ಕೈಕೊಟ್ಟರೆ ‘ರಿವರ್ಟ್’ ಮಾಡಿ ಹಿಂದಕ್ಕೆ ಹೋಗಬಹುದು, ಅದು ನಿಜಕ್ಕೂ ಚೆನ್ನಾಗಿದೆ. ತೆಗೆದುಹಾಕಿದರೂ ನಿಮ್ಮ ಡೇಟಾದ ಒಂದು ನಕಲನ್ನು 31 ದಿನ ಇಟ್ಟಿರುತ್ತದೆ. ‘ತೆಗೆದೆ, ಆದರೂ ಜಾಗ ಖಾಲಿ ಆಗಿಲ್ಲ’ ಅನ್ನುವುದಕ್ಕೆ ಇದೇ ಕಾರಣ.

ಯಾವ ಅಂಗಡಿಯೇ ಆಗಲಿ, ದುಡ್ಡಿನ ವಿಷಯದ ಪ್ರೋಗ್ರಾಮ್ ಇದ್ದರೆ ಎರಡು ಸಲ ನೋಡಿ. ಸ್ನ್ಯಾಪ್ ಸ್ಟೋರ್‌ನಲ್ಲಿ ನಕಲಿ ಕ್ರಿಪ್ಟೊ ವ್ಯಾಲೆಟ್‌ಗಳು ಸೇರಿಕೊಂಡು ಜನ ಹಣ ಕಳೆದುಕೊಂಡದ್ದುಂಟು. 2025ರ ಜುಲೈನಲ್ಲಿ ಆರ್ಚ್ ಲಿನಕ್ಸ್ ಬಳಕೆದಾರರ ಸಂಗ್ರಹದಲ್ಲೂ ಬ್ರೌಸರ್ ಹೆಸರು ಹೊತ್ತ ಕೆಟ್ಟ ಪ್ಯಾಕೇಜ್‌ಗಳು ಸಿಕ್ಕಿದವು. ಹಾಕಿದವರ ಹೆಸರು ಗೊತ್ತಿಲ್ಲದಿದ್ದರೆ ಐದು ನಿಮಿಷ ಹುಡುಕುವುದರಲ್ಲಿ ನಷ್ಟ ಏನೂ ಇಲ್ಲ.

ಆ್ಯಪ್‌ಇಮೇಜ್, ಡೆಬ್, ಪಿಪಿಎ

ಆ್ಯಪ್‌ಇಮೇಜ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಫೈಲ್, ಒಂದು ಪ್ರೋಗ್ರಾಮ್. ಡೌನ್‌ಲೋಡ್ ಮಾಡಿ, ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ‘ಓಡಿಸಲು ಬಿಡು’ ಅನ್ನುವ ಟಿಕ್ ಹಾಕಿದರೆ ಆಯಿತು. ಬೇಡವಾದರೆ ಡಿಲೀಟ್ ಮಾಡಿ. ಉಬುಂಟು 22.04ರ ನಂತರ ಹಲವು ಆ್ಯಪ್‌ಇಮೇಜ್‌ಗಳು ಕ್ಲಿಕ್ ಮಾಡಿದರೂ ಸುಮ್ಮನಿರುತ್ತವೆ, ಏಕೆಂದರೆ ಅವಕ್ಕೆ ಬೇಕಾದ ಫ್ಯೂಸ್ 2 ಲೈಬ್ರರಿ ಈಗ ಮೊದಲೇ ಇರುವುದಿಲ್ಲ. ಅದನ್ನು ಆಪ್ಟ್‌ನಿಂದ ಹಾಕಬೇಕು. ಇನ್ನು ಅಪ್‌ಡೇಟ್? ಕೇಂದ್ರ ವ್ಯವಸ್ಥೆ ಅಂತ ಇಲ್ಲ. ಪ್ರೋಗ್ರಾಮ್ ತಾನೇ ವ್ಯವಸ್ಥೆ ಮಾಡಿಕೊಂಡಿರದಿದ್ದರೆ ನೀವೇ ಮತ್ತೆ ಸೈಟಿಗೆ ಹೋಗಿ ಹೊಸದು ತರಬೇಕು. ಹೊಸದೊಂದನ್ನು ರುಚಿ ನೋಡಲು ಇದಕ್ಕಿಂತ ಸುಲಭ ಇಲ್ಲ. ಆದರೆ ಬೇರೆಯವರ ಯಂತ್ರದಲ್ಲಿ ನಾನು ಆ್ಯಪ್‌ಇಮೇಜ್ ಇಡುವುದಿಲ್ಲ. ಇಟ್ಟರೆ ಮೂರು ವರ್ಷ ಆದ ಮೇಲೂ ಅದೇ ಫೈಲ್ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಕೂತಿರುತ್ತದೆ.

ಡೆಬ್ ಅಂದರೆ ಆಪ್ಟ್ ಬಳಸುವ ಬಗೆಯ ಪ್ಯಾಕೇಜ್ ಫೈಲ್. ಸೈಟಿನಿಂದ ತರುವ ಡೆಬ್ ಫೈಲ್‌ನಲ್ಲಿ ಎರಡು ಜಾತಿ. ಗೂಗಲ್ ಕ್ರೋಮ್‌ನಂಥವು ಇನ್‌ಸ್ಟಾಲ್ ಆಗುವಾಗ ತಮ್ಮ ರೆಪೊವನ್ನೂ ಪಟ್ಟಿಗೆ ಸೇರಿಸುತ್ತವೆ. ಆಮೇಲೆ ಉಳಿದೆಲ್ಲದರ ಜೊತೆ ಅದೂ ಅಪ್‌ಡೇಟ್ ಆಗುತ್ತದೆ. ಒಳ್ಳೆಯದು. ಇನ್ನು ಕೆಲವು ಸುಮ್ಮನೆ ಬಂದು ಕೂರುತ್ತವೆ, ಅಷ್ಟೇ. ಅವು ಆ್ಯಪ್‌ಇಮೇಜ್ ಇದ್ದ ಹಾಗೆ, ಮುಂದಿನದು ನಿಮ್ಮ ತಲೆನೋವು. ಫೈರ್‌ಫಾಕ್ಸನ್ನು ಸ್ನ್ಯಾಪ್ ಬೇಡ, ಡೆಬ್ ಬೇಕು ಅನ್ನುವ ಉಬುಂಟು ಬಳಕೆದಾರರಿಗೆ 2024ರ ಜನವರಿಯಿಂದ ಮೊಝಿಲ್ಲಾದವರದೇ ಆಪ್ಟ್ ರೆಪೊ ಇದೆ.

ಪಿಪಿಎ ಬಗ್ಗೆ ಮೇಲೆ ಹೇಳಿದ ರಾತ್ರಿಯ ಕತೆಯೇ ಸಾಕು. ಅದು ಯಾರದೋ ಖಾಸಗಿ ಸಂಗ್ರಹ, ನಿಮ್ಮ ಸಿಸ್ಟಮ್‌ನ ಲೈಬ್ರರಿಗಳನ್ನೂ ಬದಲಾಯಿಸುವ ಹಕ್ಕು ಅದಕ್ಕೆ ಸಿಗುತ್ತದೆ. ಮೊದಲು ಹೊಸ ಆವೃತ್ತಿ ಬೇಕಿದ್ದರೆ ಬೇರೆ ದಾರಿ ಇರಲಿಲ್ಲ. ಈಗ ಫ್ಲ್ಯಾಟ್‌ಪ್ಯಾಕ್ ಇದೆ. ‘ಈ ಸಾಲನ್ನು ಟರ್ಮಿನಲ್‌ಗೆ ಪೇಸ್ಟ್ ಮಾಡಿ’ ಅಂತ ಸೈಟ್‌ನಲ್ಲಿ ಕೊಡುವ ಸ್ಕ್ರಿಪ್ಟ್‌ಗಳನ್ನೂ, ಸೋರ್ಸ್‌ನಿಂದ, ಅಂದರೆ ಮೂಲ ಕೋಡ್‌ನಿಂದ, ಕಟ್ಟಿ ‘ಮೇಕ್ ಇನ್‌ಸ್ಟಾಲ್’ ಮಾಡುವುದನ್ನೂ ನಾನು ನನ್ನ ಲ್ಯಾಪ್‌ಟಾಪಿಗಷ್ಟೇ ಇಟ್ಟುಕೊಂಡಿದ್ದೇನೆ. ಯಾವ ಫೈಲ್ ಎಲ್ಲಿ ಹೋಯಿತು ಅಂತ ಲೆಕ್ಕ ಇಡುವವರು ಅಲ್ಲಿ ಯಾರೂ ಇಲ್ಲ.

ನಮಗೆ ಬೇಕಾದ ಒಂದು ವಿಷಯ: ಕನ್ನಡ

ಹೋಲಿಕೆಗಳಲ್ಲಿ ಇದನ್ನು ಯಾರೂ ಬರೆಯುವುದಿಲ್ಲ. ಬರೆಯಬೇಕಾದವರು ನಾವೇ ತಾನೆ.

ಕೀಬೋರ್ಡ್, ಫಾಂಟ್, ಪ್ರಿಂಟರ್ ಮತ್ತು ಸ್ಕ್ಯಾನರ್ ಡ್ರೈವರ್, ಇವು ಇಡೀ ಸಿಸ್ಟಮ್‌ಗೆ ಬೇಕಾದವು. ಇವಕ್ಕೆ ಹೋಲಿಕೆಯೇ ಬೇಡ, ಆಪ್ಟ್ ಒಂದೇ. ಕನ್ನಡ ಟೈಪಿಂಗ್‌ಗೆ ‘ಐಬಸ್-ಎಂ17ಎನ್’ ಪ್ಯಾಕೇಜ್ ಹಾಕಿ, ಲಾಗೌಟ್ ಆಗಿ ಮತ್ತೆ ಬನ್ನಿ. ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕೆಜಿಪಿ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಸಿಗುತ್ತವೆ. ನುಡಿಯಲ್ಲಿ ಕೈ ಕೂತವರಿಗೆ ಕೆಜಿಪಿ ಅಂದರೆ ಅದೇ ಕೀಲಿ ವಿನ್ಯಾಸ, ಬೆರಳು ಹೊಸದಾಗಿ ಏನೂ ಕಲಿಯಬೇಕಿಲ್ಲ. ಫಾಂಟ್‌ಗೆ ‘ಫಾಂಟ್ಸ್-ಗುಬ್ಬಿ’ ಹಾಕಿದರೆ ಗುಬ್ಬಿ, ‘ಫಾಂಟ್ಸ್-ನವಿಲು’ ಹಾಕಿದರೆ ನವಿಲು ಬರುತ್ತದೆ. ಲೋಹಿತ್ ಕನ್ನಡವೂ ಇದೆ.

ಇನ್ನು ಡಬ್ಬದೊಳಗಿನ ಪ್ರೋಗ್ರಾಮ್‌ಗಳು. ಫಾಂಟ್ ವಿಷಯದಲ್ಲಿ ತೊಂದರೆ ಇಲ್ಲ. ಸಿಸ್ಟಮ್‌ನ ಫಾಂಟ್‌ಗಳು ಫ್ಲ್ಯಾಟ್‌ಪ್ಯಾಕ್ ಒಳಗೂ ಕಾಣುತ್ತವೆ. ಸಂಘದ ಹಳೆಯ ಸಂಚಿಕೆಗಳ ಫೈಲ್‌ಗಳಿಗೆ ಬೇಕಾದ ಹಳೆಯ ನುಡಿ ಫಾಂಟ್‌ಗಳನ್ನು ಹೋಮ್‌ನ ಫಾಂಟ್ಸ್ ಫೋಲ್ಡರ್‌ಗೆ ಹಾಕಿದೆ, ಅವೂ ಕಂಡವು. ಆದರೆ ಟೈಪಿಂಗ್ ಮಾತ್ರ ಹಾಕುವ ಮೊದಲು ಪರೀಕ್ಷೆ ಮಾಡಿ. ಒಂದು ಪ್ರೋಗ್ರಾಮ್‌ನಲ್ಲಿ ನನಗೆ ಇಂಗ್ಲಿಷ್ ಬೀಳುತ್ತಿತ್ತು, ಕನ್ನಡಕ್ಕೆ ಬದಲಾಯಿಸಿದರೂ ಇಂಗ್ಲಿಷೇ. ಅದರದೇ ಆಪ್ಟ್ ಆವೃತ್ತಿ ಹಾಕಿದೆ, ಸರಿಯಾಯಿತು. ಇನ್ನೊಮ್ಮೆ ಒಂದು ಹಳೆಯ ಆ್ಯಪ್‌ಇಮೇಜ್‌ನಲ್ಲಿ ಒತ್ತಕ್ಷರಗಳು ಕೆಳಗೆ ಕೂರದೆ ಪಕ್ಕದಲ್ಲಿ ನಿಂತಿದ್ದವು, ಜಾಗ ಸಿಗದ ಲೋಕಲ್ ಪ್ರಯಾಣಿಕರ ಹಾಗೆ. ಅಕ್ಷರ ಜೋಡಿಸುವ ಲೈಬ್ರರಿ ಅದರ ಹೊಟ್ಟೆಯಲ್ಲೇ ಇತ್ತು, ಹಳೆಯದಾಗಿತ್ತು. ಹಾಗಾಗಿ ನನ್ನದೊಂದು ಪರೀಕ್ಷಾ ಸಾಲಿದೆ: ‘ಸಂಸ್ಕೃತಿ, ಉಜ್ಜ್ವಲ, ಕೃಷ್ಣಾರ್ಪಣ’. ಹಾಕಿದ ಕೂಡಲೇ ಇದನ್ನು ಟೈಪ್ ಮಾಡುತ್ತೇನೆ. ಅರ್ಕಾವತ್ತೂ ಒತ್ತಕ್ಷರವೂ ನೆಟ್ಟಗಿದ್ದರೆ ಪಾಸು.

ಮೆನು ಕೂಡ ಕನ್ನಡದಲ್ಲಿ ಬೇಕು ಅನ್ನುವವರಿಗೆ ಒಂದು ಗುಟ್ಟು. ಸಿಸ್ಟಮ್ ಇಂಗ್ಲಿಷ್‌ನಲ್ಲಿದ್ದರೆ ಫ್ಲ್ಯಾಟ್‌ಪ್ಯಾಕ್ ಇಂಗ್ಲಿಷ್ ಅನುವಾದವನ್ನಷ್ಟೇ ಇಳಿಸಿಕೊಳ್ಳುತ್ತದೆ, ಡೌನ್‌ಲೋಡ್ ಉಳಿಸಲು. ಕನ್ನಡ ಅನುವಾದ ಇದ್ದರೂ ನಿಮಗೆ ಬರುವುದಿಲ್ಲ. ‘ಫ್ಲ್ಯಾಟ್‌ಪ್ಯಾಕ್ ಕಾನ್ಫಿಗ್’ ಕಮಾಂಡ್‌ನಲ್ಲಿ ಭಾಷೆಗಳ ಸಾಲಿಗೆ ‘ಕೆಎನ್’ ಸೇರಿಸಿ, ಅಪ್‌ಡೇಟ್ ಕೊಟ್ಟರೆ ಬರುತ್ತದೆ.

ಮೂರು ಯಂತ್ರಗಳಲ್ಲಿ ಈಗ ಏನಿದೆ

ಮಾವನ ಗಲ್ಲಾದಲ್ಲಿ ಎಲ್ಲವೂ ಆಪ್ಟ್. ಲಿಬ್ರೆಆಫೀಸ್, ಫೈರ್‌ಫಾಕ್ಸ್, ಪ್ರಿಂಟರ್, ಕನ್ನಡ ಕೀಬೋರ್ಡ್. ಮಿಂಟ್ ತನ್ನದೇ ರೆಪೊದಿಂದ ಫೈರ್‌ಫಾಕ್ಸ್ ಕೊಡುವುದರಿಂದ ಅಲ್ಲಿ ಸ್ನ್ಯಾಪ್ ಮಾತೇ ಇಲ್ಲ. ಶುರುವಿನಲ್ಲಿ ನಾನು ಬುದ್ಧಿವಂತಿಕೆ ಮಾಡಿ ಲಿಬ್ರೆಆಫೀಸ್‌ನ ಹೊಸದನ್ನು ಫ್ಲ್ಯಾಟ್‌ಪ್ಯಾಕ್‌ನಿಂದ ಹಾಕಿದ್ದೆ, ಹಳೆಯದೂ ಹಾಗೇ ಇತ್ತು. ಮೆನುವಿನಲ್ಲಿ ಎರಡು ಕ್ಯಾಲ್ಕ್ (ಲಿಬ್ರೆಆಫೀಸ್‌ನ ಲೆಕ್ಕದ ಶೀಟು). ಎರಡಕ್ಕೂ ಸೆಟ್ಟಿಂಗ್ ಬೇರೆ ಬೇರೆ ಕಡೆ. ಮಾವ ಒಂದರಲ್ಲಿ ಬಿಲ್ಲಿನ ಕಾಗದದ ಅಳತೆ ಸರಿಮಾಡಿ, ಮರುದಿನ ಇನ್ನೊಂದನ್ನು ತೆರೆದರು. ಬೆಳಿಗ್ಗೆ ಎಂಟಕ್ಕೆ ಫೋನು. ‘ಎಂತ ಮಾರಾಯ ಇದು, ನಿನ್ನೆ ಸರಿ ಬರ್ತಿತ್ತು, ಇವತ್ತು ಅರ್ಧ ಬಿಲ್ಲು ಹೊರಗೆ ಹೋಗ್ತದೆ!’ ಒಂದೇ ಪ್ರೋಗ್ರಾಮನ್ನು ಎರಡು ಬಾಗಿಲಿಂದ ಒಳಗೆ ಬಿಡಬೇಡಿ. ಬದಲಾಯಿಸುವುದಿದ್ದರೆ ಮೊದಲನೆಯದನ್ನು ತೆಗೆದು ಆಮೇಲೆ ಹಾಕಿ.

ಸಂಘದಲ್ಲಿ ಸಿಸ್ಟಮ್ ಎಲ್ಲ ಆಪ್ಟ್, ಬ್ರೌಸರ್ ಸ್ನ್ಯಾಪ್, ಜಿಂಪ್ 3 ಮಾತ್ರ ಫ್ಲ್ಯಾಟ್‌ಪ್ಯಾಕ್. ಹೌದು, ಒಂದೇ ಫ್ಲ್ಯಾಟ್‌ಪ್ಯಾಕ್ ದುಬಾರಿ ಅಂತ ನಾನೇ ಹೇಳಿದೆ. ಅಲ್ಲಿ ವೈಫೈ ಇದೆ, ಡಿಸ್ಕ್ 500 ಜಿಬಿ. ಪತ್ರಿಕೆ ಮಾಡುವ ಹುಡುಗಿಗೆ 3.0 ಬೇಕಿತ್ತು. ಅದರಲ್ಲಿ ಫಿಲ್ಟರ್ ಹಾಕಿದ ಮೇಲೂ ಮೂಲ ಚಿತ್ರ ಕೆಡದೆ ಉಳಿಯುತ್ತದೆ, ಆಮೇಲೆ ಬೇಡವೆಂದರೆ ಫಿಲ್ಟರ್ ತೆಗೆಯಬಹುದು.

ನನ್ನ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಬಾಗಿಲೂ ತೆರೆದಿವೆ. ಕೆಟ್ಟರೆ ನಾನೇ ಕೂರುತ್ತೇನೆ.

ಗಲ್ಲಾದ ಯಂತ್ರಕ್ಕೆ ಈಗ ಅಪ್‌ಡೇಟ್ ಮಾಡುವವರು ಅತ್ತೆ. ತಿಂಗಳ ಮೊದಲ ಸೋಮವಾರ, ಮಧ್ಯಾಹ್ನ ಮೂರರ ನಂತರ, ಊಟದ ಗಿರಾಕಿ ಮುಗಿದ ಮೇಲೆ. ಮೊದಲ ಸಲ ಟರ್ಮಿನಲ್‌ನಲ್ಲಿ ಮಾಡಿಸಿದ್ದೆ. ಪಾಸ್‌ವರ್ಡ್ ಒತ್ತಿದರೆ ಪರದೆಯಲ್ಲಿ ಅಕ್ಷರದ ಬದಲು ಬರೀ ನಕ್ಷತ್ರದ ಗುರುತು ಬಂತು. ಕೀಬೋರ್ಡಿಗೆ ಸಾಂಬಾರು ಬಿದ್ದಿರಬೇಕು ಅಂತ ಅತ್ತೆ ಬಟ್ಟೆ ತಂದು ಒರೆಸಿದರು. ಟರ್ಮಿನಲ್ ಪಾಸ್‌ವರ್ಡ್‌ನ ಅಕ್ಷರ ತೋರಿಸುವುದಿಲ್ಲ, ಹಾಗೇ ಒತ್ತಿ ಎಂಟರ್ ಕೊಡಬೇಕು ಅಂತ ಹೇಳಲು ಮರೆತಿದ್ದೆ. ಆಮೇಲೆ ಅಪ್‌ಡೇಟ್ ಮ್ಯಾನೇಜರ್ ತೋರಿಸಿಕೊಟ್ಟೆ, ಅದರಲ್ಲಿ ಬಟನ್ ಒತ್ತಿದರೆ ಸಾಕು. ಮುಗಿದ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಒಂದು ಟಿಕ್ ಹಾಕುತ್ತಾರೆ. ಹೋದ ತಿಂಗಳು ಟಿಕ್ ಪಕ್ಕ ‘ಏನೂ ತೆಗೆದಿಲ್ಲ’ ಅಂತಲೂ ಬರೆದಿದ್ದರು.